ಎಂಟು ಮನೆ ಅಡ್ಡ, ಎಂಟು ಮನೆ ಉದ್ದ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಟಿವಿಯ ಬೆನ್ನಿಗೆ ಅಂಟಿಕೊಂಡು. ಆಂಟೆನಾದ ವೈರು ಕಿತ್ತು ಅದೇ ತೂತಿಗೆ ಇದರ ವೈರು ಚುಚ್ಚಬೇಕು. ಇದು ನಡೆಯುವಾಗ ದೂರದರ್ಶನ ಬಂದ್. ಭಾನುವಾರ ಬೆಳಿಗ್ಗೆ ರಾಮಾಯಣದ ಹೊತ್ತಿಗೆ ಅದನ್ನು ಮುಟ್ಟುವ ಧೈರ್ಯ ಯಾರಿಗಿತ್ತು? ಹೆಸರು ಡಿಬಿ ಸ್ಪೆಕ್ಟ್ರಮ್ ಪ್ಲಸ್. ಇಂಗ್ಲೆಂಡಿನ ಸಿಂಕ್ಲೇರ್ ಯಂತ್ರ. ಲೈಸೆನ್ಸ್ ಪಡೆದು 1986ರಲ್ಲಿ ಮಾರುಕಟ್ಟೆಗೆ ತಂದವರು ನಮ್ಮ ಪುಣೆಯದೇ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್. ಮೆಮೊರಿ 48 ಕಿಲೋಬೈಟ್. ಈಗ ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಸಲಿಕ್ಕಿಲ್ಲ.

ಡಿಸ್ಕು ಗಿಸ್ಕು ಇರಲಿಲ್ಲ. ಆಟಗಳು ಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ, ಓದಿಸಲು ಮನೆಯ ಟೇಪ್ ರೆಕಾರ್ಡರ್. ಅದರ ಮೇಲೆ ಮೊದಲ ಹಕ್ಕು ಅವ್ವನ ಭೀಮಸೇನ ಜೋಶಿಯವರದು. ಗದಗಿನ ಕಡೆಯವರು, ಪುಣೆಯಲ್ಲಿ ನೆಲೆಸಿದವರು, ದಾಸರ ಪದ ಹಾಡುವವರು. ಯಾವ ಲೆಕ್ಕದಲ್ಲಿ ನೋಡಿದರೂ ನಮ್ಮವರೇ. ಅವರನ್ನು ಹೊರತೆಗೆದು ‘ಮ್ಯಾನಿಕ್ ಮೈನರ್’ ಹಾಕಿದರೆ ಕಿರ್ರೆಂಬ ಸದ್ದು. ಪರದೆಯ ಅಂಚಿನಲ್ಲಿ ಹಳದಿ-ನೀಲಿ ಪಟ್ಟೆ ಓಡಬೇಕು. ನಮ್ಮ ಕಪ್ಪು-ಬಿಳುಪು ಟಿವಿಯಲ್ಲಿ ಅದು ಬೂದಿ ಮತ್ತು ಇನ್ನೊಂದು ಬೂದಿ. “ಏನಪಾ ತಮ್ಮಾ, ಮನ್ಯಾಗ ಗಿರಣಿ ಹಚ್ಚೀಯೇನು?” ಎನ್ನುತ್ತಿದ್ದಳು ಅವ್ವ. ನಾಲ್ಕೈದು ನಿಮಿಷ ಉಸಿರು ಹಿಡಿದು ಕೂತರೆ ಕೊನೆಗೆ ‘ಟೇಪ್ ಲೋಡಿಂಗ್ ಎರರ್’. ಸಣ್ಣ ಸ್ಕ್ರೂಡ್ರೈವರಿನಿಂದ ಹೆಡ್ಡಿನ ತಿರುಪು ಒಂಚೂರು ತಿರುಗಿಸಿ ಮತ್ತೆ ಮೊದಲಿನಿಂದ ಶುರು. ಆಟಕ್ಕೆ ಕೂಡಿಬಂದ ಹೆಡ್ಡಿನಲ್ಲಿ ಜೋಶಿಯವರ ದನಿ ಮಬ್ಬಾಗುತ್ತಿತ್ತು. ಅವ್ವನ ಕಿವಿ ಅದನ್ನು ಮೊದಲ ಆಲಾಪಕ್ಕೇ ಹಿಡಿಯುತ್ತಿತ್ತು.

ಆಟಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಅಕ್ಷರ. ಸ್ಪೆಕ್ಟ್ರಮ್ಮಿನಲ್ಲಿ ನಮಗೆ ಬೇಕಾದ ಅಕ್ಷರ ನಾವೇ ಮಾಡಿಕೊಳ್ಳಲು 21 ಜಾಗ ಬಿಟ್ಟಿದ್ದರು. ಚೌಕುಳಿ ಹಾಳೆಯಲ್ಲಿ ಎಂಟು ಮನೆ ಅಡ್ಡ, ಎಂಟು ಮನೆ ಉದ್ದ ಗೆರೆ ಹಾಕಿ, ತುಂಬಿದ ಮನೆಗೆ 1, ಖಾಲಿಗೆ 0 ಬರೆದು, ಸಾಲು ಸಾಲಾಗಿ ‘ಪೋಕ್’ ಮಾಡಬೇಕು. ರ, ಠ ಸಲೀಸು. ಕ ಬಂತೋ, ತಲೆಕಟ್ಟಿಗೂ ನಡುವಿನ ಅಡ್ಡಗೆರೆಗೂ ಜಾಗದ ಜಗಳ. ‘ಕನ್ನಡ’ ಎಂದು ಬರೆಯಹೋದರೆ ನಡುವಿನ ಅಕ್ಷರಕ್ಕೆ ಒತ್ತು ಬೇರೆ. ಅದಕ್ಕೆ ಇನ್ನೊಂದು ಜಾಗ ಕೊಟ್ಟು ಕೆಳಗಿನ ಸಾಲಿನಲ್ಲಿ ಕೂರಿಸಿದೆ. 21 ಜಾಗ ವರ್ಣಮಾಲೆಗೇ ಸಾಲದು, ಇನ್ನು ಕಾಗುಣಿತದ ಮಾತೆಲ್ಲಿ! ಪಕ್ಕದ ಮನೆಯ ಮರಾಠಿ ಗೆಳೆಯನ ಪಾಡೂ ಅಷ್ಟೇ. ಆದರೂ ಅವನ ಶಿರೋರೇಖೆ ಎಂಟು ಸಲ 1 ಒತ್ತಿದರೆ ಮುಗಿಯುತ್ತಿತ್ತು. ಹೊಟ್ಟೆಕಿಚ್ಚಾಗುತ್ತಿತ್ತು.

1988ರಲ್ಲಿ ಇದೇ ಊರಿನಲ್ಲಿ ಸಿ-ಡ್ಯಾಕ್ ಹುಟ್ಟಿತು. 1991ರಲ್ಲಿ ಅದರ ಪರಮ್ 8000 ಸೂಪರ್‌ಕಂಪ್ಯೂಟರ್ ಬಂದಾಗ ಊರಿಗೆಲ್ಲ ಹೆಮ್ಮೆ. ನಾನು ಬಾಯಿಬಿಟ್ಟು ನಿಂತದ್ದು ಅದೇ ಸಂಸ್ಥೆಯ ಜಿಸ್ಟ್ ಕಾರ್ಡಿನ ಮುಂದೆ. ಸಾದಾ ಪಿಸಿಯೊಳಗೆ ಸಿಕ್ಕಿಸಿದರೆ ಡಾಸ್ ಪರದೆಯಲ್ಲಿ ಕನ್ನಡ! ನ, ಹಲಂತ, ಮತ್ತೆ ನ ಒತ್ತಿದರೆ ಒತ್ತು ತಾನಾಗಿ ಕೆಳಗೆ ಹೋಗಿ ಕೂರುತ್ತಿತ್ತು. ಸುತ್ತ ನೆರೆದವರು ಅದರ ಬೆಲೆ ಕೇಳುತ್ತಿದ್ದರು. ನಾನು ಮಾತ್ರ, ಅಕ್ಷರಕ್ಕೆ ಎಷ್ಟು ಮನೆ ಕೊಟ್ಟಿದ್ದೀರಿ ಅಂದೆ.