ಹದಿನೈದನೇ ದಿನದ ಚೀಟಿ

ನಾವು ಅಂದರೆ ಗಂಡ ಹೆಂಡತಿ. ಒಬ್ಬರು ಜಿಲ್ಲಾ ಪತ್ರಿಕೆಗೆ ಸುದ್ದಿ ಕಳಿಸುವವರು, ಇನ್ನೊಬ್ಬರು ಮನೆಯಲ್ಲೇ ಹೊಲಿಗೆ ಮಾಡುವವರು. ಇದನ್ನು ಇಬ್ಬರೂ ಕೂತು ಬರೆದಿದ್ದೇವೆ. ಅವಳು ಓದಿ "ಹಾಕ್ರಿ" ಅಂದ ಮೇಲೆಯೇ ಇಲ್ಲಿ ಹಾಕುತ್ತಿದ್ದೇವೆ.

ಕಳೆದ ವರ್ಷ ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಮುಟ್ಟು ನಿಂತಿತು. ಚಿಕ್ಕ ಮಗುವಿಗೆ ಆಗಿನ್ನೂ ಒಂದು ವರ್ಷ ಎರಡು ತಿಂಗಳು. ಮೂರನೆಯದು ಬೇಡ ಎಂದು ಇಬ್ಬರೂ ಮಾತಾಡಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆವು. ಸ್ಕ್ಯಾನ್‌ನಲ್ಲಿ ಆರು ವಾರ ಅಂತ ಬಂತು. ಗಂಡನ ಸಹಿ ಬೇಕಾಗುತ್ತದೆ ಅಂದುಕೊಂಡಿದ್ದೆವು. ಬೇಕಿರಲಿಲ್ಲ. ಹದಿನೆಂಟು ತುಂಬಿದ ಹೆಂಗಸು ಒಪ್ಪಿ ಸಹಿ ಮಾಡಿದರೆ ಸಾಕು. 1971ರ ಗರ್ಭಪಾತ ಕಾನೂನಿನಲ್ಲೇ ಅದು ಇದೆ. ಅವಳ ಹೆಸರು ಹೊರಗೆ ಹೇಳುವ ಹಾಗೂ ಇಲ್ಲ.

ಸೋಮವಾರ ಒಂದು ಮಾತ್ರೆ ಅಲ್ಲೇ ನುಂಗಿಸಿದರು. ಬುಧವಾರ ತೆಗೆದುಕೊಳ್ಳಲು ಇನ್ನು ನಾಲ್ಕು ಮಾತ್ರೆ, ನೋವಿನ ಮಾತ್ರೆ, ಒಂದು ಚೀಟಿ ಕೊಟ್ಟರು. ಹದಿನೈದನೇ ದಿನ ತಪ್ಪದೆ ಬರಬೇಕು ಎಂದು ನರ್ಸಮ್ಮ ಎರಡು ಸಲ ಹೇಳಿದರು. ನಾವು ಚೀಟಿ ಮಡಚಿ ಬ್ಯಾಗಿನ ಒಳಜೇಬಿಗೆ ಹಾಕಿದೆವು.

ಮನೆಯಲ್ಲಿ ಅವ್ವನಿಗೆ ಹೇಳಲಿಲ್ಲ. ಹೊಟ್ಟೆ ಕೆಟ್ಟಿದೆ ಅಂದೆವು. ಬುಧವಾರ ಮಾತ್ರೆ ತೆಗೆದುಕೊಂಡ ಮೂರು ತಾಸಿಗೆ ಹೊಟ್ಟೆ ಹಿಂಡಿತು, ಗಡ್ಡೆ ಗಡ್ಡೆಯಾಗಿ ರಕ್ತ ಹೋಯಿತು. ಮುಟ್ಟಿಗಿಂತ ಜೋರಾಗಿರುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಬೆಳಗಾಗುವುದರೊಳಗೆ ಕಡಿಮೆ ಆಯಿತು. ಆದರೆ ಗುರುವಾರ ನಲ್ಲಿ ನೀರು ಬರುವ ದಿನ. ಹೊಟ್ಟೆ ಕೆಟ್ಟವಳು ನೀರು ತರಬಾರದು ಅಂತ ಯಾರೂ ಅನ್ನುವುದಿಲ್ಲವಲ್ಲ. ಹದಿನಾಲ್ಕು ಕೊಡ ನೀರು ಹೊತ್ತಳು. ನಾವು ಜಿಲ್ಲಾ ಪಂಚಾಯಿತಿ ಸಭೆಯ ಸುದ್ದಿಗೆ ಹೋಗಿದ್ದೆವು.

ಹೆರಿಗೆಯಾದವಳಿಗೆ ನಮ್ಮ ಕಡೆ ಬಾಣಂತನ ಇದೆ. ಬಿಸಿನೀರು, ತುಪ್ಪ, ಹೊದಿಕೆ, ಮಾತಾಡಿಸುವ ಜನ. ಮಾತ್ರೆ ತೆಗೆದುಕೊಂಡವಳಿಗೆ ಏನೂ ಇಲ್ಲ. ಗುಟ್ಟು ಒಂದೇ ಇರುವುದು.

ಒಂಬತ್ತನೇ ದಿನ ಸಂಜೆ ಅವಳಿಗೆ ಚಳಿ ಬಂತು. ಹಂಗಾಮಿನ ಜ್ವರ ಅಂದುಕೊಂಡೆವು. ರಾತ್ರಿ ಹತ್ತಕ್ಕೆ ಅಳುತ್ತಾ ಹೇಳಿದಳು: ಎರಡು ದಿನದಿಂದ ಕೆಟ್ಟ ವಾಸನೆ ಬರುತ್ತಿದೆ, ಕೆಳಹೊಟ್ಟೆ ನೋವು ಹೋಗುತ್ತಿಲ್ಲ. ಹೇಳಲು ನಾಚಿಕೆಯಾಗಿತ್ತು. ಆಗ ಚೀಟಿ ತೆಗೆದು ಮೊಬೈಲ್ ಬೆಳಕಿನಲ್ಲಿ ಓದಿದೆವು. ಅವಳಿಗೆ ಆಗುತ್ತಿದ್ದದ್ದೆಲ್ಲ ಅದರಲ್ಲಿ ಬರೆದಿತ್ತು. ಬೈಕು ಬೇಡ ಎಂದು 108ಕ್ಕೆ ಫೋನ್ ಮಾಡಿದೆವು.

ಗರ್ಭಕೋಶದಲ್ಲಿ ಸ್ವಲ್ಪ ಉಳಿದು ನಂಜಾಗಿತ್ತು. ಅದನ್ನು ತೆಗೆದು, ಆಂಟಿಬಯೋಟಿಕ್ ಹಾಕಿ, ಎರಡು ದಿನ ಇಟ್ಟುಕೊಂಡರು. ಬೇಗ ತೆಗೆದುಕೊಂಡರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಮಾತ್ರೆಯಿಂದಲೇ ಪೂರ್ತಿ ಆಗುತ್ತದಂತೆ. ಉಳಿದವರಲ್ಲಿ ಯಾರು ಎಂದು ಮೊದಲೇ ಗೊತ್ತಾಗುವುದಿಲ್ಲ, ಅದಕ್ಕೇ ತಪಾಸಣೆಗೆ ಕರೆಯುವುದು ಎಂದರು ಡಾಕ್ಟರಮ್ಮ. ರಕ್ತ ಕಡಿಮೆಯಾಯಿತಲ್ಲ, ಇನ್ಯಾಕೆ ಹೋಗುವುದು ಎಂದು ನಾವು ಆಗಲೇ ಮಾತಾಡಿಕೊಂಡಿದ್ದೆವು.

ಹಾಗಾಗಿ ಆ ಚೀಟಿಯಲ್ಲಿದ್ದದ್ದನ್ನು ಇಲ್ಲಿ ಬರೆಯುತ್ತೇವೆ. ಒಂದು ತಾಸಿಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹಾಗೆಯೇ ಎರಡು ತಾಸು ನಡೆದರೆ ತಕ್ಷಣ ಹೊರಡಿ. ಒಂದು ದಿನ ದಾಟಿಯೂ ಜ್ವರ 100.4 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ, ನಾಲ್ಕಾರು ದಿನ ಬಿಟ್ಟು ಹೊಸದಾಗಿ ಜ್ವರ ಬಂದರೆ, ವಾಸನೆಯ ಸ್ರಾವ ಇದ್ದರೆ, ತಲೆ ಸುತ್ತಿ ಬಿದ್ದರೆ, ನೋವಿನ ಮಾತ್ರೆಗೂ ಹೊಟ್ಟೆನೋವು ಬಗ್ಗದಿದ್ದರೆ ಕಾಯಬೇಡಿ. ಎರಡನೇ ಸಲದ ಮಾತ್ರೆ ತೆಗೆದುಕೊಂಡು ಒಂದು ದಿನವಾದರೂ ರಕ್ತ ಕಾಣದಿದ್ದರೂ ಹೋಗಲೇಬೇಕು. ಎರಡು ವಾರ ಸ್ವಲ್ಪ ಸ್ವಲ್ಪ ರಕ್ತ ಹೋಗುವುದು ಸಾಮಾನ್ಯ. ಮೂರು ನಾಲ್ಕು ವಾರ ಕಿಟ್‌ನಲ್ಲಿ ಎರಡು ಗೆರೆ ಕಾಣಬಹುದು, ಅಷ್ಟಕ್ಕೇ ಗಾಬರಿ ಬೇಡ. ದಿನಾ ಸ್ನಾನ ಮಾಡಬಹುದು. ಒಳಗೆ ಏನನ್ನೂ ಇಡಬಾರದು. ಊಟ ಬಿಡಬಾರದು.

ಇನ್ನೊಂದು ಮಾತು ಗಂಡಸರಿಗೆ. ಮುಂದಿನ ಮುಟ್ಟು ಬರುವ ಮೊದಲೇ, ಹತ್ತು ದಿನದೊಳಗೇ ಮತ್ತೆ ಗರ್ಭ ನಿಲ್ಲಬಹುದು. ಅದಕ್ಕೇನು ಮಾಡುತ್ತೀರಿ ಎಂದು ಹದಿನೈದನೇ ದಿನ ಕೇಳುತ್ತಾರೆ. ವಂಕಿ, ಮೂರು ತಿಂಗಳ ಅಂತರಾ ಇಂಜೆಕ್ಷನ್, ಮಾತ್ರೆ, ಕಾಂಡೋಮ್ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ನಾವು ಗಂಡಸರ ಆಪರೇಷನ್‌ಗೆ ಹೆಸರು ಬರೆಸಿ ಬಂದೆವು. ಹೊಲಿಗೆ ಹಾಕುವುದಿಲ್ಲ, ಅವತ್ತೇ ಮನೆಗೆ ಕಳಿಸುತ್ತಾರೆ. ಆಮೇಲೆ ಮೂರು ತಿಂಗಳು ಕಾಂಡೋಮ್ ಬಳಸಿ, ಒಮ್ಮೆ ವೀರ್ಯ ಪರೀಕ್ಷೆ ಮಾಡಿಸಬೇಕು, ಅಷ್ಟೇ.

ಆಸ್ಪತ್ರೆಯಿಂದ ಬಂದ ದಿನ ಅವ್ವನಿಗೆ ಎಲ್ಲ ಹೇಳಿದೆವು. ಬೈಯುತ್ತಾಳೆ ಅಂದುಕೊಂಡಿದ್ದೆವು. ಅವಳು ಒಲೆ ಮೇಲೆ ಬಿಸಿನೀರು ಇಟ್ಟು, ಸೊಸೆಯ ಹತ್ತಿರ ಬಂದು ಕೂತಳು. "ನನಗ ಹೇಳಬಾರದಿತ್ತೇನ ಯವ್ವಾ? ನೀರ ಹೊರಾಕ ಬಿಡ್ತಿದ್ನೇನ ನಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಲಕ್ಕ ಈ ಗುಳಿಗಿ ಇರಲಿಲ್ಲ" ಅಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೆಡಿಕಲ್ ಅಂಗಡಿಯಿಂದ ಚೀಟಿ ಇಲ್ಲದೆ ಗುಳಿಗಿ ತಂದು ಜೀವಕ್ಕೆ ಅಪಾಯ ಮಾಡಿಕೊಂಡವರ ಸುದ್ದಿಯನ್ನು ನಾವೂ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದ್ದೇವೆ. ಆಮೇಲೆ ಏನು ನೋಡಿಕೊಳ್ಳಬೇಕು ಎಂದು ಒಂದು ಸಾಲೂ ಬರೆದಿರಲಿಲ್ಲ.

ಚೀಟಿ ಈಗ ಕ್ಯಾಲೆಂಡರ್ ಪಕ್ಕದ ಮೊಳೆಗೆ ಸಿಕ್ಕಿಸಿದೆ. ಅವ್ವನಿಗೆ ಓದಲು ಬರುವುದಿಲ್ಲ. ನಾವು ಓದಿ ಹೇಳಿದ್ದೇವೆ. ಮೊನ್ನೆ ಓಣಿಯ ಇನ್ನೊಬ್ಬಳಿಗೆ ಅವಳೇ ಬಾಯಿಪಾಠದಲ್ಲಿ ಹೇಳುತ್ತಿದ್ದಳು.