ಇಪ್ಪತ್ತೊಂದರಿಂದ ನಲವತ್ತರವರೆಗೆ

ನಮ್ಮ ಕೂಟದ ಯಾವ ಸಮಾರಂಭದಲ್ಲಾದರೂ ಕಣ್ಣುಮುಚ್ಚಿ ಒಂದು ಕಲ್ಲು ಎಸೆದರೆ ಅದು ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರ ತಲೆಗೇ ಬೀಳುತ್ತದೆ. ಅಂಥವರ ನಡುವೆ ಡಾಕ್ಟರನಾದ ನಾನು ಡೇಟಾಬೇಸ್ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೆ ಸಂಪಾದಕರು "ಏನಾದರೂ ಬರೆಯಿರಿ ಡಾಕ್ಟ್ರೇ, ಸಕ್ಕರೆ ಕಾಯಿಲೆ ಮಾತ್ರ ಬೇಡ, ಕಳೆದ ಸಲ ಆಯಿತು" ಎಂದು ಅಪ್ಪಣೆ ಕೊಡಿಸಿದ್ದಾರೆ.

2019ರ ಚಳಿಗಾಲದ ಮಾತು. ನಾನಿದ್ದ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಯ ಫಲಿತಾಂಶಗಳು ಕಂಪ್ಯೂಟರಿನಲ್ಲಿ ಪುಟಕ್ಕೆ 20ರಂತೆ ಬರುತ್ತಿದ್ದವು. ಹಳೆಯದು ಮೊದಲು, ಹೊಸದು ಕೊನೆಗೆ. ಸಹಿ ಹಾಕಿದ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಬೆಳಿಗ್ಗೆ ಎಲ್ಲವನ್ನೂ ಓದಿ, ತುರ್ತಿನವರಿಗೆ ಫೋನ್ ಮಾಡಿ, ಸಂಜೆ ಸಹಿ ಹಾಕುವುದು ನನ್ನ ಪದ್ಧತಿ. ಪಕ್ಕದ ಕೋಣೆಯ ಸಹೋದ್ಯೋಗಿಯದು ಓದಿದ ಕೂಡಲೇ ಸಹಿ. ಪಟ್ಟಿ ಮಾತ್ರ ಇಬ್ಬರಿಗೂ ಒಂದೇ.

ಅವತ್ತು ಮಧ್ಯಾಹ್ನ ನಮ್ಮ ಹಿರಿಯ ನರ್ಸಮ್ಮ ಲ್ಯಾಬಿನ ಕಾಗದದ ಪಟ್ಟಿ ಹಿಡಿದು ಬಂದರು. ಕಂಪ್ಯೂಟರನ್ನು ನಂಬದ ಹಳೆಯ ಕಾಲದವರು, ಪುಣ್ಯಾತ್ಗಿತ್ತಿ. "ಇವರ ಪೊಟ್ಯಾಸಿಯಂ 5.9 ಇದೆ, ಫೋನ್ ಹೋಗಿಲ್ಲವಲ್ಲ?" ಎಂದರು. ನಾನು ಮೂರೂ ಪುಟ ಓದಿದ್ದೆ. ಆ ಹೆಸರು ಯಾವ ಪುಟದಲ್ಲೂ ಇರಲಿಲ್ಲ. ಲಿಸಿನೊಪ್ರಿಲ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಎರಡನ್ನೂ ತೆಗೆದುಕೊಳ್ಳುತ್ತಿದ್ದ ಹಿರಿಯರು. ಎರಡೂ ಪೊಟ್ಯಾಸಿಯಂ ಏರಿಸುವ ಮಾತ್ರೆಗಳು. ಇನ್ನಷ್ಟು ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಕೂಡಲೇ ಕರೆಸಿ ಇಸಿಜಿ ಮಾಡಿ, ಒಂದು ಮಾತ್ರೆ ನಿಲ್ಲಿಸಿದೆವು. ನಾಲ್ಕು ದಿನಕ್ಕೆ 4.8ಕ್ಕೆ ಇಳಿಯಿತು.

ಹೆಸರು ಎಲ್ಲಿ ಮಾಯವಾಗಿತ್ತು? ಯುಗಾದಿ ಊಟದ ದಿನ ಕೂಟದ ಡೇಟಾಬೇಸ್ ಪಂಡಿತರೊಬ್ಬರನ್ನು ಹಿಡಿದೆ. ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಲೇ "ಡಾಕ್ಟ್ರೇ, ಆಫ್‌ಸೆಟ್ ಹಾಕಿರುತ್ತಾರೆ" ಎಂದು ಒಂದೇ ಮಾತಿನಲ್ಲಿ ರೋಗನಿದಾನ ಮಾಡಿಬಿಟ್ಟರು. ನಾವು ಇಷ್ಟು ಬೇಗ ಹೇಳಿದರೆ ಯಾರೂ ನಂಬುವುದಿಲ್ಲ.

ಅವರು ಬಿಡಿಸಿ ಹೇಳಿದ್ದು ಹೀಗೆ. ಎರಡನೆಯ ಪುಟ ಬೇಕೆಂದಾಗ ಪ್ರೋಗ್ರಾಮು "ಮೊದಲ 20 ಬಿಟ್ಟು ಮುಂದಿನ 20 ಕೊಡು" ಎಂದು ಕೇಳುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಲಿಮಿಟ್ 20 ಆಫ್‌ಸೆಟ್ 20. ನಾನು ಮೊದಲ ಪುಟ ಓದುವಷ್ಟರಲ್ಲಿ ಸಹೋದ್ಯೋಗಿ ಅದರಲ್ಲಿನ ಮೂವರಿಗೆ ಸಹಿ ಹಾಕಿದ್ದಾರೆ. ಕೆಳಗಿನವರೆಲ್ಲ ಮೂರು ಮೆಟ್ಟಿಲು ಮೇಲೆ ಸರಿದರು. 21, 22, 23ನೆಯವರು ಈಗ 18, 19, 20. ಎರಡನೆಯ ಪುಟ ಶುರುವಾದದ್ದೇ ಹಳೆಯ 24ನೆಯವರಿಂದ! ಹೊಸದು ಮೊದಲು ಬರುವ ಪಟ್ಟಿಯಾದರೆ ಉಲ್ಟಾ ತೊಂದರೆ: ಹೊಸಬರು ಮೇಲೆ ಸೇರಿದಂತೆ ನೋಡಿದವರೇ ಮತ್ತೆ ಬರುತ್ತಾರೆ. ಅದು ಬರೀ ಕಿರಿಕಿರಿ, ಅಪಾಯವಿಲ್ಲ.

ಪಂಕ್ತಿಯಲ್ಲಿ ಬಡಿಸುವವನಿಗೆ "20 ಎಲೆ ಬಿಟ್ಟು ಬಡಿಸು" ಎನ್ನುವ ಬದಲು "ಆ ಕೆಂಪು ಸೀರೆಯ ಅಜ್ಜಿಯ ಮುಂದಿನವರಿಂದ ಬಡಿಸು" ಎಂದರೆ, ಮುಂದೆ ಎಷ್ಟು ಜನ ಎದ್ದುಹೋದರೂ ಯಾರೂ ಉಪವಾಸ ಬೀಳುವುದಿಲ್ಲ. ಡೇಟಾಬೇಸಿಗೂ ಇದೇ ಮದ್ದು: ಕೊನೆಗೆ ನೋಡಿದ ಸಾಲಿನ ಸಮಯ ಮತ್ತು ಕ್ರಮಸಂಖ್ಯೆ ಹೇಳಿ, ಅದರ ನಂತರದ 20 ಕೇಳುವುದು. ಸಮಯ ಒಂದೇ ಸಾಲದು. ಒಂದೇ ನಿಮಿಷದಲ್ಲಿ ಐದು ಫಲಿತಾಂಶ ಬಂದರೆ ಅವುಗಳ ಹಿಂದುಮುಂದು ಒಂದೊಂದು ಸಲ ಒಂದೊಂದು ಥರ ಇರಬಹುದು.

ನನಗೆ ಸೋಜಿಗವೆನಿಸಿದ್ದು, 1970ರಲ್ಲಿ ಐಬಿಎಂನ ಕಾಡ್ ಎಂಬುವರು ಪ್ರಕಟಿಸಿದ ಸಿದ್ಧಾಂತದ ಪ್ರಕಾರ ಸಾಲುಗಳಿಗೆ ಕ್ರಮವೇ ಇಲ್ಲವಂತೆ! "ಆರ್ಡರ್ ಬೈ" ಎಂದು ಹೇಳದಿದ್ದರೆ ಮೊದಲನೆಯದು, ಹತ್ತನೆಯದು ಎಂಬ ಮಾತಿಗೇ ಅರ್ಥವಿಲ್ಲ. ಒರಾಕಲ್‌ನ ರೋನಮ್ ಇನ್ನೂ ತಮಾಷೆ. ಅದು 20ಕ್ಕಿಂತ ಹೆಚ್ಚಿನದನ್ನು ಕೊಡು ಎಂದರೆ ಏನೂ ಕೊಡುವುದಿಲ್ಲ. ಬಂದ ಸಾಲಿಗೆ 1 ಎಂಬ ಟೋಕನ್. 20ಕ್ಕಿಂತ ಕಡಿಮೆ, ಹೊರಗೆ. ಮುಂದಿನವರಿಗೂ ಮತ್ತೆ 1. ಬಾಗಿಲು ತೆರೆಯುವುದೇ ಇಲ್ಲ. 2013ರ 12ಸಿ ಆವೃತ್ತಿಯಲ್ಲಿ ನೇರವಾಗಿ ಕೇಳುವ ದಾರಿ ಬಂತು.

ಇಷ್ಟನ್ನೂ ಬರೆದು ಸಾಫ್ಟ್‌ವೇರಿನವರಿಗೆ ಕಳಿಸಿದೆ. ಒಂದು ತಿಂಗಳು "ನಮ್ಮಲ್ಲಿ ಅಂಥದ್ದೇನೂ ಕಾಣುತ್ತಿಲ್ಲ" ಎಂದರು. ಒಬ್ಬರೇ ಕೂತು ನೋಡಿದರೆ ಹೇಗೆ ಕಂಡೀತು? ಇಬ್ಬರು ಕೂತು ನೋಡಿ ಎಂದೆ. ಮುಂದಿನ ಆವೃತ್ತಿಯಲ್ಲಿ ಸರಿಮಾಡಿದರು. ನರ್ಸಮ್ಮನಿಗೆ ಸುದ್ದಿ ಹೇಳಿದಾಗ "ಸಂತೋಷ" ಎಂದರು. ಕಾಗದದ ಪಟ್ಟಿಯನ್ನು ಮಾತ್ರ ಕೈಬಿಡಲಿಲ್ಲ.