ಯಂತ್ರದ ಕಿವಿ

ಕಳೆದ ಮಾಗಿಯಲ್ಲಿ ಗೆಂಡೆಹಳ್ಳಿಯ ನಮ್ಮ ಮನೆಯ ಕಾಫಿ ಕಣದಲ್ಲಿ ನಮ್ಮ ಗೃಹಿಣಿಯು ಕಾಲುಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಎಡಮಂಡಿಯು ನಡುನಡುವೆ ಕೀಲು ಹಿಡಿದಂತಾಗಿ, ಮಣೆಯ ಮೇಲೆ ಕುಳಿತುಕೊಳ್ಳುವ ಭಾಗ್ಯವೇ ಆಕೆಗೆ ತಪ್ಪಿಹೋಯಿತು. ವೈದ್ಯರು ಎಂ.ಆರ್.ಐ. ಚಿತ್ರವನ್ನು ತೆಗೆಸಬೇಕೆಂದರು. ಒಂದು ಕಡೆ ತೆಗೆಸಿದೆವು. ಎಲ್ಲಿ ಎಂಬುದು ವಾಚಕರಿಗೆ ಬೇಡ. ಮಂಡಿಗೆ ತೊಡಿಸುವ ಸುರುಳಿಯು ಕೆಟ್ಟಿದೆಯೆಂದು, ಯಂತ್ರದ ಒಡಲಲ್ಲಿಯೇ ಇರುವ ದೊಡ್ಡ ಸುರುಳಿಯಿಂದ ಕೆಲಸವನ್ನು ಮುಗಿಸಿ ಕಳುಹಿದರು. ಚಿತ್ರವು ಮಂಜು ಮುಸುಕಿದಂತಿದ್ದಿತು. ಮೂಳೆಗಳ ನಡುವಣ ಮೆತ್ತೆಯಂತಹ ಮೃದ್ವಸ್ಥಿಯು ಹರಿದಿದೆಯೋ ಇಲ್ಲವೋ ವೈದ್ಯರು ಹೇಳಲಾರದೆ ಹೋದರು. ಶಸ್ತ್ರಚಿಕಿತ್ಸೆಯ ನಿರ್ಧಾರವು ಎಳೆಯಷ್ಟು ಸಣ್ಣ ಆ ಒಂದು ಗೆರೆಯನ್ನು ಕಾದಿದ್ದಿತು.

"ಅಷ್ಟು ಸದ್ದು ಮಾಡುವ ಯಂತ್ರಕ್ಕೆ ಕಿವಿ ಮಂದವೇನು?" ಎಂದು ಆಕೆ ಕೇಳಿದಳು. ನಾವು ನಕ್ಕೆವು. ಬೆಂಗಳೂರಿನಲ್ಲಿ ಇಂತಹ ಯಂತ್ರಗಳನ್ನು ನೋಡಿಕೊಳ್ಳುವ ನಮ್ಮ ಹಳೆಯ ಶಿಷ್ಯನು ಮಾತ್ರ ನಗಲಿಲ್ಲ. "ಅಮ್ಮನವರು ಹೇಳಿದ್ದೇ ಸರಿ, ಮೇಷ್ಟ್ರೇ" ಎಂದನು.

ಅವನು ತಿಳಿಸಿದುದು ಇದು. ದೇಹದ ನೀರು ಕೊಬ್ಬುಗಳಲ್ಲಿರುವ ಜಲಜನಕದ ಪರಮಾಣುಬೀಜಗಳು ಬಲವಾದ ಅಯಸ್ಕಾಂತದ ನಡುವೆ, ತಲೆದೂಗುವ ಬುಗುರಿಗಳಂತೆ ಸುತ್ತುತ್ತವೆ, 1.5 ಟೆಸ್ಲಾ ಬಲದಲ್ಲಿ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ. ಅದೇ ಶ್ರುತಿಯ ರೇಡಿಯೋ ಅಲೆಯನ್ನು ಸೋಕಿಸಿ ನಿಲ್ಲಿಸಿದರೆ, ಅವು ಅತಿ ಕ್ಷೀಣವಾಗಿ ಮರುನುಡಿಯುತ್ತವೆ. ಆ ದನಿಯನ್ನು ಹಿಡಿಯುವ ತಾಮ್ರದ ಬಳೆಯೇ ಸುರುಳಿ. ಆದರೆ ಬೆಚ್ಚಗಿನ ದೇಹಕ್ಕೆ ತನ್ನದೇ ಆದೊಂದು ಗದ್ದಲವುಂಟು. ದೊಡ್ಡ ಸುರುಳಿಯು ತನ್ನೊಳಗಿನ ಅಂಗಗಳೆಲ್ಲದರ ಗದ್ದಲವನ್ನೂ ಕೇಳಿಸಿಕೊಂಡು, ಮಂಡಿಯ ಪಿಸುಮಾತನ್ನು ಕಳೆದುಕೊಳ್ಳುತ್ತದೆ.

ಇದು ನಮಗೆ ಹೊಸದಲ್ಲ. ನಲವತ್ತು ಹುಡುಗರು ಒಟ್ಟಾಗಿ ಶಬ್ದರೂಪವನ್ನು ಒಪ್ಪಿಸುವಾಗ ಕುರ್ಚಿಯಲ್ಲಿ ಕುಳಿತವನಿಗೆ ಎಲ್ಲವೂ ಶುದ್ಧವಾಗಿಯೇ ಕೇಳುತ್ತದೆ. ವಿಸರ್ಗವನ್ನು ನುಂಗಿದವನಾರೆಂದು ತಿಳಿಯಲು ಎದ್ದು ಹೋಗಿ ಅವನ ಮಗ್ಗುಲಲ್ಲಿಯೇ ನಿಲ್ಲಬೇಕು.

ಆದುದರಿಂದ ಸಣ್ಣ ಸುರುಳಿಯನ್ನು ಅಂಗಕ್ಕೆ ಒತ್ತಿದಂತೆ ಇಡುತ್ತಾರೆ. ಅದಕ್ಕೂ ಮಿತಿಯುಂಟು: ಸರಿಸುಮಾರಾಗಿ ತನ್ನ ತ್ರಿಜ್ಯದಷ್ಟು ಆಳದವರೆಗೆ ಚೆನ್ನಾಗಿ ಕೇಳುತ್ತದೆ, ಅದರಾಚೆಗೆ ಬೇಗನೆ ಕಿವುಡಾಗುತ್ತದೆ. ಮಣಿಕಟ್ಟಿನ ಸುರುಳಿಯು ಸೊಂಟಕ್ಕಾಗದು. ದೇಹವು ಹತ್ತಿರ ಬಂದೊಡನೆ ಶ್ರುತಿಯೂ ಕದಲುವುದರಿಂದ, ಆ ಕದಲಿಕೆಯನ್ನು ಲೆಕ್ಕಕ್ಕೆ ಹಿಡಿದೇ ಕೆಪಾಸಿಟರುಗಳನ್ನು ಹೊಂದಿಸಬೇಕು. 1980ರಲ್ಲಿ ಆಕರ್ಮನ್ ಮತ್ತು ಸಂಗಡಿಗರು ಇಂತಹ ಮೇಲ್ಮೈ ಸುರುಳಿಯಿಂದ ಜೀವಂತ ಪ್ರಾಣಿಯ ಅಂಗಗಳ ದನಿಯನ್ನು ಹಿಡಿದರು. ಹಲವು ಸುರುಳಿಗಳನ್ನು ಸಾಲಾಗಿಟ್ಟರೆ ಒಂದರ ಮಾತನ್ನು ಇನ್ನೊಂದು ಕದಡುತ್ತದೆ. ಅಕ್ಕಪಕ್ಕದವುಗಳ ಅಂಚುಗಳನ್ನು ತಕ್ಕಷ್ಟೇ ಒಂದರ ಮೇಲೊಂದು ಹಾಯಿಸಿ ಈ ಕಲಹವನ್ನು ತಪ್ಪಿಸುವ ಬಗೆಯನ್ನು 1990ರಲ್ಲಿ ರೋಮರ್ ಮೊದಲಾದವರು ತೋರಿಸಿದರು.

ಈ ವಿದ್ಯೆಯೆಲ್ಲವೂ ಕಡಲಾಚೆಯದೆಂದು ನಾವು ಎಣಿಸಿದ್ದೆವು. ಬೆಂಗಳೂರಿನ ಟಾಟಾ ವಿಜ್ಞಾನಮಂದಿರದಲ್ಲಿ ಜಿ. ಸೂರ್ಯನ್ ಎಂಬವರು ಹರಿಯುವ ದ್ರವದಿಂದ ಬರುವ ಈ ಅನುನಾದವನ್ನು ಪರೀಕ್ಷಿಸಿ 1951ರಲ್ಲಿಯೇ ಪ್ರಕಟಿಸಿದ್ದರೆಂದು ಶಿಷ್ಯನು ಹೇಳಿದಾಗ, ಗುರುವು ತಲೆತಗ್ಗಿಸಬೇಕಾಯಿತು.

ಬೆಂಗಳೂರಿನಲ್ಲಿ ಇನ್ನೊಮ್ಮೆ ಹಣ ತೆತ್ತು, ಮಂಡಿಯ ಸುರುಳಿಯನ್ನು ತೊಡಿಸಿಯೇ ಚಿತ್ರವನ್ನು ತೆಗೆಸಿದೆವು. ಸುರುಳಿಯು ಸುಸ್ಥಿತಿಯಲ್ಲಿದೆಯೇ ಎಂದು ಮೊದಲೇ ಕೇಳುವ ಬುದ್ಧಿಯಿದ್ದಿದ್ದರೆ ಆ ಹಣವೂ ಮೂರು ತಿಂಗಳ ನೋವೂ ಉಳಿಯುತ್ತಿದ್ದವು. ಈ ಸಲ ಹರಿದ ಗೆರೆಯು ನಮ್ಮಂತಹ ಪಾಮರರಿಗೂ ಕಂಡಿತು. ಶಸ್ತ್ರಚಿಕಿತ್ಸೆಯಾಯಿತು. ಈಗ ಆಕೆ ಕೋಲಿಲ್ಲದೆ ಕಣದವರೆಗೂ ನಡೆದು ಬರುತ್ತಾಳೆ. ಮಣೆಯ ಮೇಲೆ ಕುಳ್ಳಿರಲು ಮಾತ್ರ ವೈದ್ಯರ ಅಪ್ಪಣೆ ಇನ್ನೂ ಆಗಿಲ್ಲ.